ಕತ್ತರಿಯಕ್ಕನ ಕೈ ಮತ್ತು ಕೆಂಪು ಬೆಳಕು

ಕತ್ತರಿಯಕ್ಕನ ಬಲಗೈ ಕೈಕೊಟ್ಟ ಸುದ್ದಿ ಬೀದಿಗೆಲ್ಲ ಗೊತ್ತಾದದ್ದು ಒಬ್ಬ ವಕೀಲರ ತೋಳಿನಿಂದ. ತೋಳೆಂದರೆ ಹೆತ್ತ ತಾಯಿ ಕೊಟ್ಟದ್ದಲ್ಲ, ಕತ್ತರಿಯಕ್ಕ ಕತ್ತರಿಸಿಕೊಟ್ಟದ್ದು. ಅವರು ಕೋಟಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ನಿದ್ದೆಯಲ್ಲಿ ನಡೆಯುವವರಂತೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು.

"ನೋಡಿ ಅಕ್ಕ, ನನ್ನ ಕೈ ಎರಡೂ ಒಂದೇ ಉದ್ದ ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ನಿಮ್ಮ ಕೋಟು ಹಾಕ್ಕೊಂಡ ಮೇಲೆ ಅನುಮಾನ ಶುರುವಾಗಿದೆ."

ಎಡತೋಳು ಮಣಿಕಟ್ಟಿನವರೆಗೆ ಬಂದು ಮರ್ಯಾದೆಯಿಂದ ನಿಂತಿತ್ತು. ಬಲತೋಳು ದಾರಿಯಲ್ಲೇ ಮನಸ್ಸು ಬದಲಿಸಿತ್ತು.

ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ಸುಮ್ಮನಾದವು. ಹಿಂದಿನ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ಗಂಡ ಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ಇದ್ದ. ಅಂಗಡಿಯ ಲೆಕ್ಕ, ಗಲ್ಲಾ, ಗಿರಾಕಿ ಎಲ್ಲ ನೋಡಿಕೊಳ್ಳುವ ಅವಳ ಮೈದುನ ಕೌಂಟರಿನ ಹಿಂದಿನಿಂದ ಎದ್ದು, ಕೊರಳಿಗೆ ನೇತುಹಾಕಿಕೊಂಡ ಅಳತೆಪಟ್ಟಿಯನ್ನು ಸರಿಮಾಡಿಕೊಂಡ. ಆ ಪಟ್ಟಿಯಿಂದ ಅವನು ಇವತ್ತಿನವರೆಗೆ ಏನನ್ನೂ ಅಳೆದವನಲ್ಲ. ಡಾಕ್ಟರಿಗೆ ಸ್ಟೆತಾಸ್ಕೋಪ್ ಇದ್ದ ಹಾಗೆ ತನಗೂ ಒಂದಿರಲಿ ಎಂದು ಹಾಕಿಕೊಂಡಿದ್ದ.

"ಏನೋ ಹೊಲಿಯೋರ ಕೈತಪ್ಪು ಇರಬೇಕು ಸಾರ್..." ಎಂದು ಅವನು ಶುರುಮಾಡಿದ.

"ಹೊಲಿಯೋರದ್ದಲ್ಲ, ನಂದು," ಎಂದಳು ಕತ್ತರಿಯಕ್ಕ. "ವಕೀಲರೇ, ಇದರಲ್ಲಿ ವಾದ ಬೇಡ. ಬಿಚ್ಚಿಟ್ಟು ಹೋಗಿ, ಹೊಸ ತೋಳು ಹಾಕಿಕೊಡ್ತೀನಿ."

ವಕೀಲರು ಬಿಚ್ಚಿಟ್ಟು ಹೋದರು. ಅವಳು ಮಾತ್ರ ಬಿಚ್ಚಿ ಹೇಳದೆ ಇದ್ದದ್ದು ಒಂದಿತ್ತು. ಆ ತೋಳನ್ನು ಕತ್ತರಿಸುವಾಗ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಒಂದು ನೋವು ಬಿಸಿ ತಂತಿಯ ಹಾಗೆ ಎಳೆದಿತ್ತು. ಕತ್ತರಿ ಗೆರೆ ಬಿಟ್ಟು ಒಳಕ್ಕೆ ಸರಿದಿತ್ತು. ಅವಳು ಯಾರೂ ನೋಡಲಿಲ್ಲವೆಂದು ತಿಳಿದು ಹಲ್ಲುಕಚ್ಚಿ ಮುಗಿಸಿದ್ದಳು. ಈ ನೋವು ಅವಳಿಗೆ ಹೊಸ ಗಿರಾಕಿಯೇನಲ್ಲ. ಎಷ್ಟೋ ಕಾಲದಿಂದ ಬಂದು ಕೂತು ಎದ್ದು ಹೋಗುತ್ತಿತ್ತು. ಈಗ ಎದ್ದು ಹೋಗುವುದನ್ನು ಬಿಟ್ಟಿತ್ತು, ಅಷ್ಟೇ.

ಅವಳು ಈ ಅಂಗಡಿಗೆ ಬಂದದ್ದು ಹಿರಿಯ ಸೊಸೆಯಾಗಿ, ಸಿಕ್ಕಿದ ಕೆಲಸ ಗುಂಡಿ ಹಚ್ಚುವುದು. ಕತ್ತರಿಸುವ ಮೇಜು ಮಾವನದು. ಅಂಗಡಿಯ ನಟ್ಟನಡುವೆ, ಕಿಟಕಿಯ ಬೆಳಕು ನೇರವಾಗಿ ಬೀಳುವ ಕಡೆ ಆ ಮೇಜು ಇತ್ತು. ಅದರ ಹತ್ತಿರ ಯಾರೂ ಚಹಾದ ಲೋಟ ಹಿಡಿದು ಸುಳಿಯುವಂತಿರಲಿಲ್ಲ. ಸೊಸೆ ಗುಂಡಿ ಹಚ್ಚುತ್ತಾ ಹಚ್ಚುತ್ತಾ ಮಾವನ ಕೈ ನೋಡುತ್ತಿದ್ದಳು. ಗುಂಡಿಗಳು ಕಡಿಮೆ ಹಚ್ಚುತ್ತಿದ್ದಳು, ಜಾಸ್ತಿ ನೋಡುತ್ತಿದ್ದಳು. ಕೊನೆಗೊಂದು ದಿನ ಮಾವ, "ಕಣ್ಣಲ್ಲೇ ನನ್ನ ಬಟ್ಟೆ ಸವೆಸ್ತಿದೀಯ, ಬಾ ಇಲ್ಲಿ," ಎಂದು ಕರೆದು ಕತ್ತರಿ ಕೊಟ್ಟ.

ಕೊಟ್ಟ ಮೇಲೆ ಬಿಡಲಿಲ್ಲ. ಬಲಗೈಗೆ ಕತ್ತರಿ ಕಲಿಸಿದ. ಗೆರೆ ಎಳೆಯಲು ಪ್ರತಿಸಲ ಕತ್ತರಿ ಕೆಳಗಿಟ್ಟರೆ ಸಂಜೆಯಾಗುತ್ತದೆಂದು ಎಡಗೈಗೆ ಸೀಮೆಸುಣ್ಣ ಕಲಿಸಿದ. ತಪ್ಪಿದರೆ ಬೆರಳಗೆಣ್ಣಿಗೆ ಮರದ ಅಳತೆಗೋಲು. ಅವಳ ಎಡಗೈ ನಿದ್ದೆಯಲ್ಲಿ ಹಾಸಿಗೆಯ ಮೇಲೆ ಗೆರೆ ಎಳೆಯುತ್ತದೆಂದು ಗಂಡ ಒಮ್ಮೆ ದೂರಿದ್ದ. ಹತ್ತು ಮಾತಿಗೆ ಒಂದು 'ಹೂಂ' ಎನ್ನುವ ಮನುಷ್ಯ ಅಷ್ಟು ಉದ್ದದ ದೂರು ಕೊಟ್ಟದ್ದೇ ಮನೆಯಲ್ಲಿ ಹಲವು ದಿನದ ಮಾತಾಯಿತು.

ಮಾವ ಹೋದ ಮೇಲೆ ಮೇಜಿಗೆ ಯಾರು ಎಂಬ ಪ್ರಶ್ನೆ ಬಂತು. ಹೆಂಗಸು ಗಂಡಸರ ಕೋಟು ಕತ್ತರಿಸುವುದೇ, ಅದಕ್ಕೂ ಮೊದಲು ಅಳತೆ ತೆಗೆಯುವುದೇ! ಅತ್ತೆ ಬಾಯಮೇಲೆ ಸೆರಗಿಟ್ಟುಕೊಂಡರು. ಗಿರಾಕಿಗಳು ಬಾಗಿಲಲ್ಲೇ ನಿಂತು, "ಗಂಡಸರು ಯಾರೂ ಇಲ್ವಾ?" ಎಂದು ಕೇಳಿದರು.

"ಇದಾರಲ್ಲ, ನೀವೇ," ಎಂದಳು ಅವಳು. "ಕೈ ಎತ್ತಿ."

ಗಂಡಸರ ಎದೆಯಳತೆ ತೆಗೆಯುವುದಕ್ಕೆ ಎಷ್ಟು ಎದೆಗಾರಿಕೆ ಬೇಕೋ, ಕೊಡುವುದಕ್ಕೂ ಅಷ್ಟೇ ಬೇಕೆಂಬುದು ಆಗ ಆ ಬೀದಿಗೆ ತಿಳಿಯಿತು. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಂತವರಿಗೆಲ್ಲ ಅವಳು, "ಬಿಡಿ ಸ್ವಾಮಿ, ಕೋಟು ಹಾಕ್ಕೊಂಡ ಮೇಲೆ ಉಸಿರಾಡಲ್ವಾ?" ಎನ್ನುತ್ತಿದ್ದಳು. ನಾಚಿಕೆ ಹೋಯಿತು, ಕೋಟುಗಳು ಉಳಿದವು. ಕತ್ತರಿಯಕ್ಕ ಎಂಬ ಹೆಸರು ಬಂದದ್ದು ಆಗಲೇ. ಅದು ಕೈಯಲ್ಲಿರುವುದಕ್ಕೆ ಬಂತೋ ಬಾಯಲ್ಲಿರುವುದಕ್ಕೆ ಬಂತೋ ಯಾರೂ ಬಿಡಿಸಿ ಹೇಳಲಿಲ್ಲ.

ವಕೀಲರು ಹೋದ ಮಧ್ಯಾಹ್ನ ಮೈದುನ ಅವಳ ಎದುರಿಗೆ ಒಂದು ಬಣ್ಣದ ಹಾಳೆ ಹರಡಿದ. ಅದರಲ್ಲಿ ಮಂಚದಷ್ಟು ದೊಡ್ಡ ಯಂತ್ರದ ಚಿತ್ರ.

"ಅತ್ತಿಗೆ, ಕೋಪ ಮಾಡ್ಕೋಬೇಡಿ. ಇದು ಲೇಸರ್ ಕಟಿಂಗ್ ಮೆಷೀನು. ಬೆಳಕಿಂದಲೇ ಬಟ್ಟೆ ಕತ್ತರಿಸುತ್ತೆ. ಕೈ ನೋವಿಲ್ಲ, ಕಾಲು ನೋವಿಲ್ಲ."

"ಎಲ್ಲಿಡ್ತೀಯ ಇದನ್ನ?"

ಮೈದುನನ ಕಣ್ಣು ಮೇಜಿನ ಕಡೆ ಹೋಗಿ ಬಂತು. ಅಷ್ಟು ಜಾಗ ಅಂಗಡಿಯಲ್ಲಿ ಇನ್ನೆಲ್ಲೂ ಇರಲಿಲ್ಲ.

"ನೀವು ಕೌಂಟರ್‌ನಲ್ಲಿ ಕೂತು ಗಿರಾಕಿಗಳ ಹತ್ರ ನಗುನಗ್ತಾ ಮಾತಾಡಿ ಅತ್ತಿಗೆ. ಇಷ್ಟು ವರ್ಷ ನಿಂತಿದ್ದು ಸಾಲದಾ?"

"ನಾನು ನಗೋಕೆ ಶುರು ಮಾಡಿದ್ರೆ ನಿನ್ನ ಗಿರಾಕಿಗಳು ಓಡಿ ಹೋಗ್ತಾರೆ ಕಣೋ."

ಮೈದುನ ಕೆಟ್ಟವನಲ್ಲ. ಅವನಿಗೊಂದು ಹೆದರಿಕೆಯಿತ್ತು. ಅಗ್ನಿಶಾಮಕ ದಳದ ಬ್ಯಾಂಡಿನವರ ಕೋಟುಗಳ ಕೆಲಸ ಈ ಅಂಗಡಿಗೆ ಬರುತ್ತಿತ್ತು. ಹಲಗೆಯಂಥ ದಪ್ಪ ಉಣ್ಣೆಬಟ್ಟೆ, ಕಡುನೀಲಿ, ಎದೆಯ ಮೇಲೆ ಎರಡು ಸಾಲು ಗುಂಡಿ. ಆ ಬಟ್ಟೆ ಕತ್ತರಿಸುವುದೆಂದರೆ ಬೇಲಿ ಕತ್ತರಿಸಿದ ಹಾಗೆ. ಡೊಳ್ಳು ಬಾರಿಸುವವನ ಬಲತೋಳು ಗಿಡ್ಡವಾದರೆ ಇಡೀ ಊರಿನ ಎದುರು ಕಾಣುತ್ತದೆ. ಅವನು ಕೊನೆಗೆ ಹೇಳಿದ್ದು ಇಷ್ಟು: "ಬ್ಯಾಂಡಿನ ಬಟ್ಟೆ ಬರೋ ಹೊತ್ತಿಗೆ ಕೈ ಸರಿಹೋದ್ರೆ ಮೇಜು ಇರುತ್ತೆ. ಇಲ್ಲಾಂದ್ರೆ ಮೆಷೀನಿಗೆ ಹೇಳ್ತೀನಿ. ಆಮೇಲೆ ನನ್ನ ಬೈಬೇಡಿ."

"ಬೈಯೋದು ಬೈತೀನಿ," ಎಂದಳು ಕತ್ತರಿಯಕ್ಕ. "ಆದ್ರೆ ಕೈ ಸರಿಮಾಡ್ಕೊಂಡು ಬೈತೀನಿ."

ಹೇಳುವುದು ಸುಲಭ. ಎಣ್ಣೆ ಹಚ್ಚಿ ನೀವಿಸೋಣವೆಂದರೆ ಆ ಕೈಯನ್ನು ಮುಟ್ಟಿದರೆ ಜೀವ ಹೋಗುವಷ್ಟು ನೋವು. ಗಂಡ ಒಮ್ಮೆ ಪ್ರೀತಿಯಿಂದ ಹೆಬ್ಬೆರಳು ಒತ್ತಿದ್ದಕ್ಕೆ ಅವಳು ಕೂಗಿದ ಕೂಗಿಗೆ ಎದುರಂಗಡಿಯವನು ಬಂದು ಗಂಡನನ್ನು ಅನುಮಾನದಿಂದ ನೋಡಿ ಹೋಗಿದ್ದ. ಡಾಕ್ಟರು ಗುಳಿಗೆ ಕೊಟ್ಟರು, ಹೊಟ್ಟೆ ಉರಿಯಿತು. ಕೊನೆಗೆ ಅವರೇ ಔಷಧಿ ಅಂಗಡಿಯ ಮಹಡಿಯ ಮೇಲಿನ ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿದ್ದವಳು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಬಿಳಿ ಕೋಟು ಹಾಕಿದ್ದಳು. ಕತ್ತರಿಯಕ್ಕ ಮೊದಲು ನೋಡಿದ್ದು ಆ ಕೋಟನ್ನು.

"ಯಾರಮ್ಮ ಇದನ್ನ ಹೊಲಿದಿದ್ದು? ಭುಜ ಎರಡೂ ಮೊಣಕೈಗೆ ಬಂದು ಸೇರಿವೆ."

"ರೆಡಿಮೇಡ್ ಆಂಟಿ."

"ಯಾರಿಗೆ ರೆಡಿ ಮಾಡಿದ್ದೋ ಪಾಪ, ಅವರು ಹುಡುಕ್ತಿರಬೇಕು."

ಹುಡುಗಿ ನಕ್ಕಳು. ಕೈಯನ್ನು ಹಿಡಿದು ನೋಡಲು ಹೋದಳು. ಕತ್ತರಿಯಕ್ಕ ಕೈ ಹಿಂದಕ್ಕೆಳೆದುಕೊಂಡಳು. ಒತ್ತಿ ನೋಡದೆ ಹೇಗೆ ಎಂದು ಹುಡುಗಿ, ಒತ್ತಿದರೆ ಎದ್ದು ಹೋಗುತ್ತೇನೆಂದು ಇವಳು. ಸ್ವಲ್ಪ ಹೊತ್ತು ಜಗ್ಗಾಟ ನಡೆದು ಕೊನೆಗೆ ಹುಡುಗಿ ಒಂದು ದಾರಿ ತೋರಿಸಿದಳು. ಕಡಿಮೆ ಶಕ್ತಿಯ ಲೇಸರ್ ಎಂದು ಒಂದಿದೆ, ಬಿಸಿಯಾಗುವುದಿಲ್ಲ, ಚುಚ್ಚುವುದಿಲ್ಲ, ನೀವುವುದೂ ಇಲ್ಲ. ನೋವಿರುವ ಜಾಗದ ಮೇಲೆ ಬೆಳಕು ಬಿಡುವುದು, ಅಷ್ಟೇ. ಒಳಗಿನ ಸ್ನಾಯುವಿಗೆ ಚೇತರಿಸಿಕೊಳ್ಳಲು ಅದು ಸ್ವಲ್ಪ ನೆರವಾಗಬಹುದು. "ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ ಆಂಟಿ, ಮೊದಲೇ ಹೇಳ್ತೀನಿ. ಆದ್ರೆ ಬೆಳಕು ಬೀಳೋ ಜಾಗ ಚಿಕ್ಕದು. ಸರಿಯಾದ ಜಾಗ ಗೊತ್ತಾಗಬೇಕು."

"ಅದಕ್ಕೇನು, ಗುರುತು ಹಾಕೋದು ನನ್ನ ಕಸುಬು. ನೀನು ಮುಟ್ಟಬೇಡ. ನಾನೇ ಮನೇಲಿ ಗುರುತು ಹಾಕ್ಕೊಂಡು ಬರ್ತೀನಿ, ಅದರ ಮೇಲೆ ನಿನ್ನ ಬೆಳಕು ಬಿಡು."

ಲೇಸು ಎಂದರೆ ಲಂಗದ ಅಂಚಿಗೆ ಹಚ್ಚುವುದೊಂದೇ ಎಂದು ತಿಳಿದಿದ್ದ ಅತ್ತೆಗೆ ಲೇಸರ್ ಎಂಬುದನ್ನು ವಿವರಿಸುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಚಿಕಿತ್ಸೆ ಶುರುವಾಯಿತು. ಬೆಳಿಗ್ಗೆ ತಲೆ ಬಾಚಿಕೊಳ್ಳುವ ಹೊತ್ತಿನಲ್ಲಿ ಕತ್ತರಿಯಕ್ಕ ಬಲಗೈಯನ್ನು ಮೇಜಿನ ಮೇಲೆ ಬಟ್ಟೆಯಂತೆ ಹಾಸಿ, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು, ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಅಚ್ಚುಕಟ್ಟಾಗಿ ಅಡ್ಡಗುರುತು ಹಾಕುತ್ತಿದ್ದಳು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ನಂತರ ರವಿಕೆಯ ತೋಳು ಮಡಿಸಿಕೊಂಡು, ಗುರುತು ಅಳಿಸದಂತೆ ಕೈಯನ್ನು ಮೈಯಿಂದ ದೂರ ಹಿಡಿದು ಬಸ್ಸು ಹತ್ತುತ್ತಿದ್ದಳು. ಬಸ್ಸಿನಲ್ಲಿ ಎಲ್ಲರೂ ಜಾಗ ಬಿಡುತ್ತಿದ್ದರು, ಏನೋ ಅಂಟುರೋಗವಿರಬೇಕೆಂದು.

ಮಹಡಿಯ ಕೋಣೆಯಲ್ಲಿ ಇಬ್ಬರೂ ಹಸಿರು ಕನ್ನಡಕ ಹಾಕಿಕೊಂಡು ಎದುರುಬದುರು ಕೂರುತ್ತಿದ್ದರು. ಹುಡುಗಿ ದಪ್ಪ ಪೆನ್ನಿನಂಥ ಒಂದು ಹಿಡಿಕೆಯನ್ನು ಒಂದೊಂದೇ ಗುರುತಿನ ಮೇಲೆ ಇಟ್ಟು ಹಿಡಿಯುತ್ತಿದ್ದಳು. ಯಂತ್ರ 'ಪೀಂ' ಎಂದರೆ ಮುಂದಿನ ಗುರುತು.

"ಇಲ್ಲೇನಾ ಆಂಟಿ?"

"ಗುರುತು ಕಾಣಿಸ್ತಿಲ್ವಾ?"

"ಕಾಣಿಸ್ತಿದೆ. ಆದ್ರೂ ಒಂದ್ಸಲ ನಾನು ಒತ್ತಿ..."

"ಮುಟ್ಟಿದ್ರೆ ನಿನ್ನ ಕೋಟಿನ ಭುಜ ಕತ್ತರಿಸಿಬಿಡ್ತೀನಿ."

ಕೆಂಪು ಬೆಳಕು ಬೀಳುತ್ತಿತ್ತು. ಬಿಸಿಯಿಲ್ಲ, ತಣ್ಣಗಿಲ್ಲ, ಕಚಗುಳಿ ಕೂಡ ಇಲ್ಲ. ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಬಾಳಿದವಳಿಗೆ ಸುಡದ ಔಷಧಿಯ ಮೇಲೆ ಮೊದಲೇ ನಂಬಿಕೆ ಕಡಿಮೆ. ಆದರೂ ಹೋದಳು, ಮತ್ತೆ ಹೋದಳು. ನೋವು ತಾನಿದ್ದಲ್ಲೇ ಕಾಲುಚಾಚಿ ಮಲಗಿತ್ತು.

ಮನೆಯವರಿಗೆ ಬಾಯಿ ಬಂತು. ಗುಂಡಿತೂತುಗಳಿಗೆ ಕಾಜಾ ಹೊಲಿಯುತ್ತಾ ಕೂತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿ, "ಲೇಸರಂತೆ ಲೇಸರು! ಲೇಸಾಗೋ ಹಾಗಿದ್ರೆ ಇಷ್ಟು ಹೊತ್ತಿಗೆ ಆಗ್ತಿರಲಿಲ್ವಾ? ಟಾರ್ಚ್ ಬಿಡಿಸ್ಕೊಳ್ಳೋಕೆ ಬಸ್ ಹತ್ತಿ ಹೋಗ್ಬೇಕಾ? ಮನೇಲೇ ಒಂದಿದೆ, ಸೆಲ್ ಹಾಕಿದ್ರೆ ಆಯ್ತು" ಎಂದರು.

ಮೈದುನನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? "ನಾನೂ ಅದೇ ಹೇಳ್ತಿರೋದು ಅಮ್ಮ. ಅತ್ತಿಗೆ ಕೈ ಮೇಲೆ ಬೀಳೋ ಬೆಳಕನ್ನ ನೇರವಾಗಿ ಬಟ್ಟೆ ಮೇಲೇ ಬಿಟ್ಟುಬಿಟ್ರೆ ಮುಗೀತಲ್ಲ! ಮಧ್ಯದಲ್ಲಿ ಅತ್ತಿಗೆ ಯಾಕೆ?"

ಹೊಲಿಯುವವರು ನಗು ತಡೆಯಲು ದಾರ ಕಚ್ಚಿಕೊಂಡರು. ಹಿಂದಿನ ಮೂಲೆಯಿಂದ ಗಂಡನ ದನಿ ಕೇಳಿತು. "ಆ ಮಾತು ತುಂಬಾ ಸುಕ್ಕಾಗಿದೆ ತಮ್ಮ. ಇಲ್ಲಿ ಕೊಡು, ಇಸ್ತ್ರಿ ಹಾಕ್ತೀನಿ." ಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿದ. ಚುಂಯ್ ಎಂಬ ಶಬ್ದಕ್ಕೆ ಮೈದುನ ಕೌಂಟರಿಗೆ ಹಿಂತಿರುಗಿದ.

ಮರುದಿನ ಕತ್ತರಿಸುವ ಯಂತ್ರ ಮಾರುವವನು ಕಳಿಸಿದ ಮಾದರಿ ಬಂತು. ದಪ್ಪ ಉಣ್ಣೆಯ ತುಂಡೊಂದನ್ನು ಬೆಳಕಿನಿಂದ ಕತ್ತರಿಸಿದ್ದರು. ಅಂಚು ನಿಜಕ್ಕೂ ಗೆರೆ ಕೊರೆದ ಹಾಗಿತ್ತು. ಕತ್ತರಿಯಕ್ಕ ಅದನ್ನು ಕಿಟಕಿಗೆ ಹಿಡಿದು ನೋಡಿದಳು, ಬೆರಳಾಡಿಸಿದಳು, ಒಳ್ಳೆಯ ಕೆಲಸವೆಂದು ಮನಸ್ಸಿನಲ್ಲೇ ಒಪ್ಪಿಕೊಂಡಳು. ಆಮೇಲೆ ಮೂಗಿಗೆ ಹಿಡಿದಳು. ಅಂಚು ಸುಟ್ಟ ಕೂದಲಿನ ವಾಸನೆ ಹೊಡೆಯುತ್ತಿತ್ತು.

"ಚೆನ್ನಾಗಿದೆ," ಎಂದಳು. "ಬೆಂಕಿ ಆರಿಸೋರ ಕೋಟಿಗೆ ಹೊಗೆ ವಾಸನೆ ಇದ್ರೆ ಒಳ್ಳೇದೇ. ಡ್ಯೂಟಿ ಮುಗಿಸಿ ಬಂದ ಹಾಗಿರುತ್ತೆ."

"ಒಗೆದ್ರೆ ಹೋಗುತ್ತಂತೆ ಅತ್ತಿಗೆ."

"ಹೋಗ್ಲಿ ಬಿಡು. ಮಾತು ಒಗೆದ್ರೂ ಹೋಗದ ಜನ ಇದಾರೆ, ವಾಸನೆ ಏನು ಮಹಾ."

ಬಾಯಿ ಹೀಗಿತ್ತು. ಒಳಗೆ ಬೇರೆ ಇತ್ತು. ಎಲ್ಲರೂ ಊಟಕ್ಕೆ ಎದ್ದು ಹೋದಾಗ ಅವಳು ಬಲಗೈಯಲ್ಲಿ ಮಾವನ ಕತ್ತರಿ ಎತ್ತಿ ನೋಡಿದಳು. ಬಾಯಿ ತೆರೆಯುವಷ್ಟರಲ್ಲೇ ಹೆಬ್ಬೆರಳು ಹಿಡಿತ ಬಿಟ್ಟಿತು. ಕತ್ತರಿ ಮೇಜಿನ ಮೇಲೆ ಧೊಪ್ಪೆಂದು ಬಿತ್ತು. ಕೌಂಟರಿನ ಹಿಂದಿನ ಮೆತ್ತನೆಯ ಕುರ್ಚಿ ಅಲ್ಲಿಂದಲೇ ಕಾಣುತ್ತಿತ್ತು. ಅದರ ಮೇಲೆ ತಾನು ಕೂತು, ಬಂದವರಿಗೆಲ್ಲ ಹಲ್ಲು ತೋರಿಸುತ್ತಾ, ಬೇರೆ ಯಾವುದೋ ಪೆಟ್ಟಿಗೆಯೊಳಗೆ ತನ್ನ ಕೆಲಸ ನಡೆಯುವುದನ್ನು ಕೇಳಿಸಿಕೊಳ್ಳುತ್ತಾ ಇರುವ ಚಿತ್ರ ಬಂತು. ಅವಳಿಗೆ ಅಳು ಬರಲಿಲ್ಲ. ಅಳುವ ಬದಲು ಕುರ್ಚಿಯನ್ನು ಕಾಲಿನಿಂದ ಒದ್ದು ಗೋಡೆಗೆ ಸರಿಸಿದಳು. ಮೈದುನ ಬಂದು, ಕುರ್ಚಿ ಅಲ್ಲಿಗೆ ಹೇಗೆ ಹೋಯಿತೆಂದು ಕೇಳಿದ.

"ನಡ್ಕೊಂಡು ಹೋಯ್ತು," ಎಂದಳು.

ಬ್ಯಾಂಡಿನ ಬಟ್ಟೆ ಬರುವುದು ಹತ್ತಿರವಾಯಿತು. ಅಷ್ಟರಲ್ಲಿ ಒಂದು ಸಂಜೆ ಫಿಸಿಯೋ ಹುಡುಗಿಯೇ ಅಂಗಡಿಗೆ ಬಂದಳು. ಕೋಟಿನ ಭುಜದ ಮಾತು ಅವಳ ಮನಸ್ಸಿಗೆ ನಾಟಿತ್ತು. ತನ್ನ ಅಳತೆಗೆ ಒಂದು ಬಿಳಿ ಕೋಟು ಹೊಲಿಸಿಕೊಳ್ಳಬೇಕಿತ್ತು. ಕತ್ತರಿಯಕ್ಕನಿಗೆ ಖುಷಿಯಾಯಿತು. ಅಳತೆ ತೆಗೆದು, ತೆಳ್ಳಗಿನ ಹತ್ತಿಬಟ್ಟೆ ಹಾಸಿ, ಎಡಗೈಯಲ್ಲಿ ನೀಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯತೊಡಗಿದಳು. ಹುಡುಗಿ ಮೇಜಿನ ಅಂಚಿಗೆ ಮೊಣಕೈ ಊರಿ ಮಕ್ಕಳ ಹಾಗೆ ನೋಡುತ್ತಿದ್ದಳು.

"ಈ ಗೆರೆ ಮೇಲೇ ಹೊಲಿಗೆ ಬರುತ್ತಾ ಆಂಟಿ?"

"ಗೆರೆ ಮೇಲಾ!" ಕತ್ತರಿಯಕ್ಕನಿಗೆ ನಗು. "ಗೆರೆ ಇರೋದು ಕತ್ತರಿಗೆ. ಹೊಲಿಗೆ ಇಲ್ಲಿ, ಒಂದು ಬೆರಳು ಒಳಗೆ. ಅಷ್ಟು ಬಟ್ಟೆ ಬಿಡದಿದ್ರೆ ಹೊಲಿಗೆಗೆ ಹಿಡಿತ ಎಲ್ಲಿ? ಮೈಯಳತೆ ಮೇಲೇ ಗೆರೆ ಎಳೆಯೋನು ಕಸುಬುದಾರನೇ ಅಲ್ಲ ಅಂತಿದ್ರು ನಮ್ಮ ಮಾವ. ನನ್ನ ಗೆಣ್ಣು ನೋಡು, ಆ ಪಾಠ ಕಲಿಯೋ ಹೊತ್ತಿಗೆ ಊದಿ ದಪ್ಪಗಾಗಿತ್ತು. ಈಗ ಹೇಳು, ಕಣ್ಣು ಕಟ್ಟಿ ಬಿಟ್ರೂ ನನ್ನ ಕೈ ಒಂದು ಬೆರಳು ಹೊರಗೇ ಗುರುತು ಹಾಕುತ್ತೆ. ಅಳತೆ ಎಲ್ಲಿದ್ರೂ ಸರಿ, ಗುರುತು ಅದರ..."

ಮಾತು ಅಲ್ಲಿಗೆ ನಿಂತಿತು. ಹುಡುಗಿ ಗೆರೆಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಕತ್ತರಿಯಕ್ಕನ ಬಲಗೈಯ ಮೇಲಿತ್ತು. ಬೆಳಿಗ್ಗೆ ಹಾಕಿದ ಅಡ್ಡಗುರುತುಗಳು ಅರೆಬರೆ ಅಳಿಸಿ ಅಲ್ಲಿ ಇನ್ನೂ ಉಳಿದಿದ್ದವು.

"ಆಂಟಿ," ಎಂದಳು ಹುಡುಗಿ, ತುಂಬಾ ಮೆತ್ತಗೆ. "ನೋವು ಎಲ್ಲಿದೆ ತೋರ್ಸಿ. ಸುಣ್ಣ ಬೇಡ. ಬೆರಳಲ್ಲಿ."

ಕತ್ತರಿಯಕ್ಕ ಎಡಗೈಯ ತೋರುಬೆರಳನ್ನು ನೋವಿನ ಮೇಲೆ ಇಟ್ಟಳು. ಬೆರಳ ಪಕ್ಕದಲ್ಲಿ, ಸರಿಯಾಗಿ ಒಂದು ಬೆರಳಿನ ಅಗಲ ಹೊರಗೆ, ಅಡ್ಡಗುರುತು ಕೂತಿತ್ತು. ಅವಳು ಬೆರಳನ್ನು ಮುಂದಿನ ನೋವಿಗೆ ಸರಿಸಿದಳು. ಅಲ್ಲೂ ಗುರುತು ಒಂದು ಬೆರಳು ಆಚೆ. ಮೊಣಕೈವರೆಗೂ ಅದೇ ಕಥೆ. ಒಂದು ಕಡೆಯೂ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾವನಿದ್ದರೆ ಬೆನ್ನು ತಟ್ಟುತ್ತಿದ್ದ. ಇಷ್ಟು ಕಾಲ ಬೆಳಕೆಲ್ಲ ಅವಳ ನೋವಿನ ಅಂಚನ್ನು ಸವರಿಕೊಂಡು, ಹೊಲಿಗೆಗೆ ಬಿಟ್ಟ ಜಾಗಕ್ಕೆ ಬಿದ್ದಿತ್ತು.

"ಅಯ್ಯೋ ದರಿದ್ರದ ಎಡಗೈಯೇ," ಎಂದಳು ಕತ್ತರಿಯಕ್ಕ.

"ನನ್ನ ತಪ್ಪು ಆಂಟಿ," ಎಂದು ಹುಡುಗಿ ಕೆಂಪಗಾದಳು. "ನೀವು ಬೈದ್ರೂ ನಾನು ಒತ್ತಿ ನೋಡ್ಬೇಕಿತ್ತು."

"ನಾನು ಬಿಡ್ತಿದ್ದೆನಾ? ಸುಮ್ನಿರು."

ಕೌಂಟರಿನಿಂದ ಮೈದುನ ಕತ್ತು ಉದ್ದಮಾಡಿ ನೋಡುತ್ತಿದ್ದ. ಈ ಕಥೆಯನ್ನು ಅಲ್ಲೇ ಮಡಿಸಿ ಪೆಟ್ಟಿಗೆಯಲ್ಲಿಟ್ಟುಬಿಡಬಹುದಿತ್ತು. ಹುಡುಗಿ ಹೇಳುವವಳಲ್ಲ. ಹೊರಗೆ ಬಂದರೆ ಬೀದಿ ಬೀದಿಯೇ ನಗುತ್ತದೆ: ಕತ್ತರಿಯಕ್ಕ ತನ್ನ ನೋವಿಗೂ ಹೊಲಿಗೆಜಾಗ ಬಿಟ್ಟಳಂತೆ. ಅವಳು ಒಂದು ಗಳಿಗೆ ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಅಂಗಡಿಗೆಲ್ಲ ಕೇಳುವಂತೆ ಹೇಳಿದಳು.

ಹೇಳಿ ಮುಗಿಯುವ ಮೊದಲೇ ನಗು ಸಿಡಿಯಿತು. ಹೊಲಿಯುವವರು ಯಂತ್ರದ ಮೇಲೆ ತಲೆಯಿಟ್ಟು ನಕ್ಕರು. ಅತ್ತೆ ಕೈಯಿಂದ ಜಾರಿದ ಕಾಜಾದ ಸೂಜಿಯನ್ನು ಹುಡುಕುವ ನೆಪದಲ್ಲಿ ಬಗ್ಗಿ ನಕ್ಕರು. ಮೈದುನ ಕಣ್ಣೊರೆಸಿಕೊಂಡು, "ಅಂದ್ರೆ ಅತ್ತಿಗೆ, ಇಷ್ಟು ದಿನ ನಿಮ್ಮ ಕೈಗೆ ಲೈನಿಂಗ್ ಹಾಕಿಸ್ಕೊಂಡ್ರಾ?" ಎಂದ.

"ನಗು, ನಗು," ಎಂದಳು ಕತ್ತರಿಯಕ್ಕ. ಅವಳಿಗೂ ಬಾಯಂಚಿನಲ್ಲಿ ನಗು ಬಂದಿತ್ತು, ಆದರೆ ದನಿಯಲ್ಲಿ ಬೇರೇನೋ ಇತ್ತು. "ನಕ್ಕಾದ ಮೇಲೆ ಒಂದು ಮಾತು ಕೇಳು. ಜೀವ ಹೋಗೋ ನೋವಲ್ಲೂ, ನನಗೇ ಗೊತ್ತಿಲ್ಲದ ಹಾಗೆ, ಈ ಕೈ ಕಸುಬು ಬಿಟ್ಟಿಲ್ಲ. ಕೆಟ್ಟಿರೋದು ಸ್ನಾಯು. ಕಲಿತದ್ದು ಕೆಟ್ಟಿಲ್ಲ. ಅದನ್ನ ಹಾಕೋಕೆ ನಿನ್ನ ಮಂಚದಂಥ ಮೆಷೀನಲ್ಲಿ ಜಾಗ ಇದೆಯಾ?"

ಮೈದುನ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ಬೆರಳು ನೀಲಿಗಟ್ಟುವವರೆಗೂ ಸುತ್ತಿದ.

ಮರುದಿನದಿಂದ ಹುಡುಗಿ ಒತ್ತಿ ನೋಡಿದಳು. ಕತ್ತರಿಯಕ್ಕ ಕೂಗಿದಳು, ಬೈದಳು, ಹುಡುಗಿಯ ಮುಂದಿನ ಸಂತತಿಗೆಲ್ಲ ಗಿಡ್ಡ ತೋಳಿನ ಕೋಟು ಬರಲೆಂದು ಶಪಿಸಿದಳು, ಆದರೆ ಕೈ ಹಿಂದಕ್ಕೆಳೆಯಲಿಲ್ಲ. ಕೂಗು ಜೋರಾದ ಕಡೆ ಹುಡುಗಿ ಹಿಡಿಕೆ ಇಟ್ಟಳು. ಬೆಳಕು ಈಗಲೂ ಬಿಸಿಯಿಲ್ಲ, ತಣ್ಣಗಿಲ್ಲ. ಕೆಲವು ಸಲ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಕತ್ತರಿಯಕ್ಕ ಉಪ್ಪಿನ ಡಬ್ಬದ ಮುಚ್ಚಳವನ್ನು ಬಲಗೈಯಲ್ಲೇ ತಿರುಗಿಸಿ ತೆಗೆದು, ತೆಗೆದ ಮೇಲೆ ನೆನಪಾಗಿ ಅದನ್ನು ಮತ್ತೆ ಮುಚ್ಚಿ, ಮತ್ತೆ ತೆಗೆದು ನೋಡಿದಳು. ಗಂಡ ನೋಡಿ, "ಹೂಂ," ಎಂದ. ಈ ಸಲದ 'ಹೂಂ' ಸ್ವಲ್ಪ ಉದ್ದವಾಗಿತ್ತು.

ಆದರೆ ಹುಡುಗಿ ಹೊಗಳಿಕೆಯ ಜೊತೆಗೇ ಒಂದು ಕೊಕ್ಕೆಯನ್ನೂ ಹಾಕಿದಳು. ಬೆಳಕೊಂದರಿಂದಲೇ ಆಗುವುದಿಲ್ಲ. ಆ ಭಾರದ ಕತ್ತರಿ ಬಿಡಬೇಕು. ಕತ್ತರಿಸುತ್ತಾ ನಡುನಡುವೆ ನಿಲ್ಲಿಸಬೇಕು, ಬೆರಳು ಅಗಲಿಸಿ, ಮಣಿಕಟ್ಟು ಬಗ್ಗಿಸಿ ವ್ಯಾಯಾಮ ಮಾಡಬೇಕು. "ಇಲ್ಲಾಂದ್ರೆ ನೋವು ವಾಪಸ್ ಬರುತ್ತೆ ಆಂಟಿ. ಹಲ್ಲುಕಚ್ಚಿ ಮುಗಿಸೋದು ಇನ್ನು ಬೇಡ."

ಹಗುರವಾದ, ಸ್ಪ್ರಿಂಗ್ ಇರುವ ಹೊಸ ಕತ್ತರಿ ಮನೆಗೆ ಬಂದಾಗ ಅತ್ತೆಗೆ ಸಂಕಟವಾಯಿತು. "ಅವರ ಕೈಯ ಕತ್ತರಿ ಕಣೇ ಅದು. ಅದನ್ನ ಬಿಟ್ಟು ಈ ಆಟಿಕೆ ಹಿಡೀತೀಯಾ?"

"ಅವರು ನಂಗೆ ಕೊಟ್ಟಿದ್ದು ಕಬ್ಬಿಣ ಅಲ್ಲ ಅತ್ತೆ," ಎಂದು ಅವಳು ಹಳೆಯದಕ್ಕೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಅತ್ತೆಯ ಮಡಿಲಿಗಿಟ್ಟಳು. ಅತ್ತೆ ತುಂಬಾ ಹೊತ್ತು ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು.

ಬ್ಯಾಂಡಿನ ಬಟ್ಟೆ ಬಂದ ದಿನ ಅಂಗಡಿಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಕಡುನೀಲಿ ಸುರುಳಿಗಳನ್ನು ಗೋಡೆಗೆ ಒರಗಿಸಿದ್ದರು. ಮೈದುನ ಒಂದನ್ನು ಬಿಚ್ಚಿ ತಾನೇ ಮೇಜಿನ ಮೇಲೆ ಹಾಸಿದ.

"ಅತ್ತಿಗೆ, ಮೆಷೀನವರು ಇವತ್ತು ಫೋನ್ ಮಾಡ್ತಾರೆ. ಒಂದು ಕೋಟು, ಪೂರ್ತಿ, ನಿಲ್ಲಿಸದೆ ಕತ್ತರಿಸಿಬಿಡಿ. ಆಗ ನಾನು ಬೇಡ ಅಂತೀನಿ."

"ನಿಲ್ಲಿಸದೆ ಯಾಕೆ?"

"ಅಂದ್ರೆ... ಕೈ ಸರಿಹೋಗಿದೆಯೋ ಇಲ್ವೋ ಗೊತ್ತಾಗಬೇಕಲ್ಲ."

"ಸರಿಹೋಗಿಲ್ಲ," ಎಂದಳು ಕತ್ತರಿಯಕ್ಕ. "ಸರಿಹೋಗ್ತಿದೆ. ನಾನು ನಿಲ್ಲಿಸ್ತೀನಿ, ಮತ್ತೆ ಶುರು ಮಾಡ್ತೀನಿ, ಮತ್ತೆ ನಿಲ್ಲಿಸ್ತೀನಿ. ಕೋಟು ಸರಿಯಿದೆಯಾ ಅಂತ ನೋಡು. ನಾನು ಎಷ್ಟು ಸಲ ನಿಂತೆ ಅಂತ ಬ್ಯಾಂಡಿನವರ ಮೈಮೇಲೆ ಯಾರೂ ಓದಲ್ಲ."

ಅವಳು ಗೆರೆ ಎಳೆದಳು. ಹೊಸ ಕತ್ತರಿ ಬಾಯಿ ತೆರೆದು ದಪ್ಪ ಉಣ್ಣೆಯೊಳಗೆ ಇಳಿಯಿತು. ಮೊದಲ ಬೆನ್ನುಭಾಗ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಗೊಣಗತೊಡಗಿತು. ಮೊದಲಿನ ಹಾಗೆ ಕಿರುಚಲಿಲ್ಲ, ಗೊಣಗಿತು. ಹಿಂದಿನ ಕತ್ತರಿಯಕ್ಕನಾಗಿದ್ದರೆ ಯಾರೂ ನೋಡಲಿಲ್ಲವೆಂದು ಹಲ್ಲುಕಚ್ಚುತ್ತಿದ್ದಳು. ಇವಳು ಎಲ್ಲರೂ ನೋಡುತ್ತಿರುವಾಗಲೇ ಕತ್ತರಿಯನ್ನು ಬಟ್ಟೆಯ ಮೇಲಿಟ್ಟು, ಬಲಗೈಯನ್ನು ಎತ್ತಿ ಹಿಡಿದು, ಬೆರಳುಗಳನ್ನು ಅಗಲಿಸಿ ಮಡಿಸತೊಡಗಿದಳು. ಟ್ರಾಫಿಕ್ ಪೊಲೀಸು ಇಡೀ ಬೀದಿಯನ್ನು ನಿಲ್ಲಿಸಿದ ಹಾಗೆ ಅಂಗಡಿ ನಿಂತಿತು.

ಕೌಂಟರಿನ ಮೇಲೆ ಫೋನು ಹೊಡೆದುಕೊಂಡಿತು. ಮೈದುನ ಎತ್ತಿದ. ಅವನ ಕಣ್ಣು ಮೇಜಿನ ಮೇಲಿನ ಬೆನ್ನುಭಾಗದ ಮೇಲಿತ್ತು. ಅಂಚು ಒಂದೇ ಉಸಿರಿಗೆ 'ಅ' ಬರೆದ ಹಾಗೆ ಬಾಗಿ ಇಳಿದಿತ್ತು.

"ಹಲೋ... ಹಾಂ, ಬಟ್ಟೆ ಬಂತು... ಇಲ್ಲ ಸಾರ್, ಈ ಸಲ ಬೇಡ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷನೂ ನಾನೇ ಇರ್ತೀನಿ ಅಂತ ಹೇಳು," ಎಂದಳು ಕತ್ತರಿಯಕ್ಕ, ಮಣಿಕಟ್ಟು ಬಗ್ಗಿಸುತ್ತಾ. "ಮೆಷೀನು ಬೇಕಾದ್ರೆ ತರಲಿ, ನಂಗೇನೂ ಅದರ ಮೇಲೆ ಹಗೆ ಇಲ್ಲ. ಆದ್ರೆ ಅದಕ್ಕೆ ಅವರೇ ಬೇರೆ ಕಿಟಕಿ ಕಟ್ಟಿಸ್ಕೊಡಲಿ. ಈ ಬೆಳಕು ನಂದು."

ಮೈದುನ ಅಷ್ಟನ್ನೂ ಹೇಳಲಿಲ್ಲ. ಹೇಳಲಿಲ್ಲವೆಂದು ಅವಳಿಗೆ ಗೊತ್ತಾಯಿತು, ಆದರೂ ಬಿಟ್ಟಳು. ಫೋನು ಇಟ್ಟ ಮೇಲೆ ಅವನು ಮೇಜಿನ ಹತ್ತಿರ ಬಂದು, ಕೈಕಟ್ಟಿಕೊಂಡು, "ಇನ್ನೂ ಎಷ್ಟು ಹೊತ್ತು ಅತ್ತಿಗೆ, ಈ ಕೈ ಕಸರತ್ತು? ಬ್ಯಾಂಡಿನ ಬಟ್ಟೆ ಎಲ್ಲ ಕಾಯ್ತಾ ಕೂತಿದೆ," ಎಂದ.

ಕತ್ತರಿಯಕ್ಕ ಗೋಡೆಗೆ ಒರಗಿದ್ದ ನೀಲಿ ಸುರುಳಿಗಳನ್ನು ಒಂದೊಂದಾಗಿ ನೋಡಿದಳು. ಬೆರಳುಗಳನ್ನು ನಿಧಾನವಾಗಿ ಅಗಲಿಸಿದಳು, ನಿಧಾನವಾಗಿ ಮಡಿಸಿದಳು.

"ಕಾಯಲಿ," ಎಂದಳು.